ಅಂಗೈ ಹುಣ್ಣಲ್ಲ, ಕನ್ನಡಿ ಬೇಕು

ಗೋಡೆಯ ಮೇಲಿನ ಬೋರ್ಡಿನ ಕೊನೆಯ ಸಾಲನ್ನೂ ನಾನು ತಡವರಿಸದೆ ಓದಿಬಿಟ್ಟೆ. ಬಲಗಣ್ಣು 6/6. ಎಡಗಣ್ಣು 6/6. ಅಂದರೆ 6 ಮೀಟರ್ ದೂರದಿಂದ ಒಳ್ಳೆ ಕಣ್ಣಿಗೆ ಏನು ಕಾಣಬೇಕೋ ಅದು ನನಗೂ ಕಾಣುತ್ತಿದೆ ಅಂತ. ಟೆಕ್ನಿಷಿಯನ್ ಹುಡುಗಿ ಅದನ್ನು ಫೈಲಿನಲ್ಲಿ ಬರೆದುಕೊಂಡಳು. ನಾನು ಮೂಲೆಯಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿ ಹುಬ್ಬು ಹಾರಿಸಿದೆ, ಹೇಳಿರಲಿಲ್ವಾ ಅನ್ನೋ ಹಾಗೆ. ಅಕ್ಕ ಕೈಚೀಲದ ಜಿಪ್ ಎಳೆಯುತ್ತಾ, ಬಿಡುತ್ತಾ ಕೂತಿದ್ದಳು. ಏನೂ ಮಾತಾಡಲಿಲ್ಲ.

ನಾನು ಕರಡು ತಿದ್ದುವವನು. 20 ವರ್ಷದಿಂದ ಅದೇ ಕೆಲಸ. ಅರ್ಕಾವೊತ್ತು ಜಾಗ ತಪ್ಪಿದ್ದರೆ, ಸೊನ್ನೆ ಬಿಟ್ಟುಹೋಗಿದ್ದರೆ, ಪುಟ ತಿರುವುವಾಗಲೇ ಕಣ್ಣಿಗೆ ಹೊಡೆಯುತ್ತದೆ. ಓದೋಕೆ ಒಂದು ಕನ್ನಡಕ ಇದೆ, ನಲವತ್ತು ದಾಟಿದ ಮೇಲೆ ಎಲ್ಲರ ಮೂಗಿನ ಮೇಲೂ ಬರುವಂಥದ್ದು. ಶುಗರ್ ಬಂದು 7 ವರ್ಷ ಆಗಿತ್ತು. ಅಷ್ಟರಲ್ಲಿ ಕನ್ನಡಕದ ಅಂಗಡಿಗೆ ಎರಡು ಸಲ ಹೋಗಿದ್ದೆ. ನಂಬರ್ ನೋಡಿ, "ಕಣ್ಣು ಸೂಪರಾಗಿದೆ ಸಾರ್" ಅಂದಿದ್ದರು. ಅದನ್ನೇ ಕಣ್ಣಿನ ಪರೀಕ್ಷೆ ಅಂದುಕೊಂಡಿದ್ದೆ. ಅವರದೇನೂ ತಪ್ಪಿಲ್ಲ ಬಿಡಿ. ನಾನು ಕೇಳಿದ್ದು ಕನ್ನಡಕ, ಅವರು ನೋಡಿದ್ದು ಕನ್ನಡಕದ ನಂಬರ್.

"ಕಣ್ಣಿನ ಹಿಂಭಾಗ ತೋರಿಸಿದ್ಯಾ?" ಅಂತ ಅಕ್ಕ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು. ಚೆನ್ನಾಗೇ ಕಾಣ್ತಿದೆಯಲ್ಲಕ್ಕ ಅಂತ ಜಾರಿಕೊಳ್ಳುತ್ತಿದ್ದೆ. ಒಂದು ದಿನ ಅವಳಿಗೆ ಸಿಟ್ಟೇ ಬಂತು. "ನಂಗೂ ಚೆನ್ನಾಗೇ ಕಾಣ್ತಿತ್ತು ಕಣೋ" ಅಂದಳು.

ಅವಳ ಎರಡೂ ಕಣ್ಣಿಗೆ ಲೇಸರ್ ಆಗಿದೆ. ಆ ಮಾತಿನ ಮೇಲೆ ನಾನು ಏನೂ ಹೇಳಲಾಗಲಿಲ್ಲ.

ಮೊದಲ ದಿನ ಹೋಗಿ ಸುಮ್ನೆ ವಾಪಸ್ ಬಂದೆ. ಫೋನಿನಲ್ಲಿ ಸಮಯ ಕೊಟ್ಟವರು ಒಂದು ಮುಖ್ಯ ವಿಷಯ ಹೇಳುವುದನ್ನೇ ಮರೆತಿದ್ದರು. "ಜೊತೆಗೆ ಯಾರು ಬಂದಿದಾರೆ ಸಾರ್?" ಅಂದಳು ಅದೇ ಹುಡುಗಿ. ಯಾರೂ ಇಲ್ಲ, ಬೈಕಲ್ಲಿ ಬಂದೆ ಅಂದೆ. "ಹಾಗಾದ್ರೆ ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕೋಕಾಗಲ್ಲ. ಹಾಕಿದ್ರೆ ಇವತ್ತು ಗಾಡಿ ಓಡಿಸೋ ಹಾಗಿಲ್ಲ." ಅರ್ಧ ದಿನದ ರಜೆ ಹಾಳಾಯಿತು. ಇದನ್ನು ಓದುವವರಲ್ಲಿ ಯಾರಾದರೂ ಈ ಪರೀಕ್ಷೆಗೆ ಹೊರಟಿದ್ದರೆ, ಮೊದಲೇ ಹೇಳಿಬಿಡುತ್ತೇನೆ: ಗಾಡಿ ಬಿಟ್ಟು ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಕಪ್ಪು ಕನ್ನಡಕ ಇಟ್ಟುಕೊಳ್ಳಿ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಎರಡನೇ ಸಲ ಅಕ್ಕನೇ ಬಂದಳು. ನಾನು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಲು ಬಂದಳು ಅನ್ನೋದೇ ಸರಿ.

ಬೋರ್ಡ್ ಓದಿದ ಮೇಲೆ ಪ್ರಶ್ನೆಗಳು. ಶುಗರ್ ಎಷ್ಟು ವರ್ಷದಿಂದ? ಕೊನೆಯ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್, ಎಷ್ಟು? ಬಿಪಿ ಇದೆಯಾ? ಯಾವ ಮಾತ್ರೆ? ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ, ಕಣ್ಣಿನ ನರ ಕೆಡಿಸುವ ಕಾಯಿಲೆ, ಇದೆಯಾ? ಎಚ್‌ಬಿಎ1ಸಿ 8.9 ಅಂದಾಗ ನನ್ನ ದನಿ ತಾನಾಗಿ ತಗ್ಗಿತು. "ಶುಗರ್ ಗೊತ್ತಾದಾಗ ಕಣ್ಣು ತೋರಿಸಿದ್ರಾ?" ಅಂದಳು. ಇಲ್ಲ ಅಂದೆ. ಟೈಪ್ 2 ಶುಗರ್ ಇದ್ದವರು ಕಾಯಿಲೆ ಗೊತ್ತಾದ ಕೂಡಲೇ ಒಂದು ಸಲ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ತೋರಿಸಬೇಕಂತೆ, ಆಮೇಲೆ ವರ್ಷಕ್ಕೊಂದು ಸಲವಾದರೂ. ಯಾಕೆಂದರೆ ಈ ಶುಗರ್ ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷದಿಂದ ಒಳಗೇ ಕೂತು ರೆಟಿನಾವನ್ನು ಕೆಡಿಸುತ್ತಿರಬಹುದು. ಟೈಪ್ 1 ಬೇರೆ ಥರ. ಅದು ಸದ್ದು ಮಾಡಿಕೊಂಡೇ ಬರುತ್ತದೆ, ಹಾಗಾಗಿ ದೊಡ್ಡವರಲ್ಲಿ ಶುರುವಾಗಿ 5 ವರ್ಷದೊಳಗೆ ತೋರಿಸಿದರೆ ಸಾಕು ಅನ್ನುತ್ತಾರೆ. ಶುಗರ್ ಇರುವ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಆಗ ರೆಟಿನಾದ ಕಾಯಿಲೆ ಬೇಗ ಮುಂದುವರಿಯಬಹುದು.

ಆಮೇಲೆ ಕಣ್ಣಿನ ಒತ್ತಡ. ಗದ್ದ ಇಟ್ಟು ಕೂತರೆ ಯಂತ್ರ ಫುಸ್ ಅಂತ ಕಣ್ಣಿಗೆ ಗಾಳಿ ಊದುತ್ತದೆ. ಊದುತ್ತೆ ಅಂತ ಮೊದಲೇ ಹೇಳಿದ್ದರೂ ನಾನು ಹೌಹಾರಿದೆ. ಎರಡನೇ ಕಣ್ಣಿಗೆ ಗಾಳಿ ಬರುವ ಮೊದಲೇ ಹೌಹಾರಿದೆ. 16, 17 ಬಂತು. 10ರಿಂದ 21ರವರೆಗೆ ಮಾಮೂಲಿ ಅನ್ನುತ್ತಾರೆ, ಆದರೆ ಒತ್ತಡ ಮಾಮೂಲಿಯಾಗಿದ್ದೂ ಗ್ಲಾಕೋಮಾ ಇರಬಹುದು. ಅದನ್ನೂ ಕೊನೆಗೆ ಹಿಂಭಾಗ ನೋಡಿಯೇ ಹೇಳಬೇಕು. ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದಾ ಅಂತ ನೋಡಿದಳು. ಡ್ರಾಪ್ಸ್ ಹಾಕಿದ ಮೇಲೆ ಪಾಪೆ ಮಾತು ಕೇಳುವುದಿಲ್ಲ, ಆದ್ದರಿಂದ ಇದನ್ನು ಮೊದಲೇ ನೋಡಿಕೊಳ್ಳಬೇಕು.

"ಮೇಲೆ ನೋಡಿ ಸಾರ್."

ತಣ್ಣಗೆ ಬಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಉರಿ. ಹತ್ತು ಎಣಿಸುವಷ್ಟರಲ್ಲಿ ಉರಿ ಹೋಯಿತು, ಗಂಟಲಲ್ಲಿ ಕಹಿ ಬಂತು. ಕಣ್ಣಿಗೆ ಹಾಕಿದ್ದು ಗಂಟಲಿಗೆ ಹೇಗೆ ಬಂತು ಅಂತ ಗಾಬರಿಯಾದೆ. ಕಣ್ಣೀರು ಹೋಗುವ ಸಣ್ಣ ದಾರಿ ಮೂಗಿನೊಳಗೆ ತೆರೆಯುತ್ತದೆ, ಮದ್ದು ಆ ದಾರಿ ಹಿಡಿದು ಇಳಿಯುತ್ತದೆ. ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಇಳಿಯುವುದು ಕಮ್ಮಿ. ಅತ್ತಾಗ ಮೂಗು ಸೋರುವುದೂ ಇದಕ್ಕೇ ಅಲ್ವಾ!

ಸೀಸೆಯ ಮೇಲೆ ಟ್ರೋಪಿಕಮೈಡ್, ಫೆನೈಲೆಫ್ರಿನ್ ಅಂತ ಇತ್ತು. ಒಂದು ಮದ್ದು ಪಾಪೆಯನ್ನು ಕಿರಿದು ಮಾಡುವ ಸ್ನಾಯುವನ್ನು ಸಡಿಲ ಬಿಡುತ್ತದೆ. ಇನ್ನೊಂದು ಅಗಲ ಮಾಡುವ ಸ್ನಾಯುವನ್ನು ಎಳೆಯುತ್ತದೆ. ಬಾಗಿಲಿನ ಚಿಲಕ ಒಬ್ಬ ತೆಗೆದು, ಇನ್ನೊಬ್ಬ ತಳ್ಳಿದ ಹಾಗೆ. ಇಷ್ಟೆಲ್ಲ ಯಾಕೆ ಅಂದರೆ, ಪಾಪೆ ಒಂದು ಪುಟ್ಟ ಕಿಂಡಿ. ಬೆಳಕಿನಲ್ಲಿ ಅದರ ಅಗಲ 2-3 ಮಿಲಿಮೀಟರ್. ಆ ಕಿಂಡಿಯಿಂದ ಇಡೀ ಕೋಣೆ ನೋಡಬೇಕು. ಕೋಣೆ ಕತ್ತಲೆ, ಹಾಗಾಗಿ ದೀಪ ಬಿಡಬೇಕು. ದೀಪ ಬಿಟ್ಟರೆ ಕಿಂಡಿ ಇನ್ನೂ ಮುಚ್ಚಿಕೊಳ್ಳುತ್ತದೆ! ಡ್ರಾಪ್ಸ್ ಹಾಕಿದರೆ ಅದು 7-8 ಮಿಲಿಮೀಟರಿಗೆ ತೆರೆದುಕೊಂಡು, ದೀಪ ಬಿಟ್ಟರೂ ಹಾಗೇ ಇರುತ್ತದೆ.

ಅರ್ಧ ಗಂಟೆ ಸಾಕು ಅಂದಿದ್ದರು. ನನಗೆ ಗಂಟೆಯ ಮೇಲಾಯಿತು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬಂದು ಹಾಕುತ್ತಾಳೆ, ಟಾರ್ಚ್ ಬಿಡುತ್ತಾಳೆ, "ಇನ್ನೂ ಆಗಿಲ್ಲ" ಅನ್ನುತ್ತಾಳೆ, ಹೋಗುತ್ತಾಳೆ. ನಾಲ್ಕು ಸಲ ಹಾಕಿದಳು. ಶುಗರ್ ಹಳೆಯದಾದವರಲ್ಲಿ ಪಾಪೆ ಬೇಗ ದೊಡ್ಡದಾಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಕಣ್ಣಿನ ಬಣ್ಣ ಗಾಢವಾಗಿದ್ದರೂ ಮದ್ದು ನಿಧಾನ. ಆ ಸಾಲಿನ ಕುರ್ಚಿಗಳಲ್ಲಿ ನಾವು ಏಳೆಂಟು ಜನ, ಎಲ್ಲರೂ ಕತ್ತು ಹಿಂದಕ್ಕೆ ಚೆಲ್ಲಿ, ಟಿಶ್ಯೂ ಒತ್ತಿಕೊಂಡು, ಬಾಯಿ ತೆರೆದು ಕೂತಿದ್ದೆವು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯೋದು ಅಂದರೆ ಇದೇ ಇರಬೇಕು.

ಹೊತ್ತು ಕಳೆಯಲು ಫೋನ್ ತೆಗೆದೆ. ಅಕ್ಷರಗಳ ಅಂಚು ಕರಗುತ್ತಿತ್ತು. ಒತ್ತಕ್ಷರಗಳು ಮೊದಲು ಹೋದವು, ಆಮೇಲೆ ಗುಡಿಸು, ಕೊಂಬು. ಕೊನೆಗೆ ಸಾಲೇ ಒಂದು ಬೂದು ಗೆರೆಯಾಯಿತು. ಕನ್ನಡಕ ಹಾಕಿದರೂ ಸರಿಯಾಗಲಿಲ್ಲ. ಹತ್ತಿರದ್ದನ್ನು ನೋಡಲು ಕಣ್ಣಿನ ಲೆನ್ಸನ್ನು ಉಬ್ಬಿಸುವ ಸ್ನಾಯುವನ್ನೂ ಈ ಮದ್ದು ಮಲಗಿಸುತ್ತದೆ. ಅಕ್ಷರದಿಂದಲೇ ಹೊಟ್ಟೆ ಹೊರೆಯುವವನಿಗೆ ಅದನ್ನು ಕೂತು ನೋಡುವುದು ಅಷ್ಟು ಹಿತವಾಗಿರಲಿಲ್ಲ. "ತಾತ್ಕಾಲಿಕ ಕಣೋ" ಅಂದಳು ಅಕ್ಕ, ಕೇಳದಿದ್ದರೂ.

ಮೊದಲು ಫೋಟೋ. ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ಇದನ್ನು ಫಂಡಸ್ ಕ್ಯಾಮೆರಾ ಅನ್ನುತ್ತಾರೆ. ಕತ್ತಲೆ ಕೋಣೆ, ಒಳಗೊಂದು ಹಸಿರು ಗುರುತು. "ಅದನ್ನೇ ನೋಡಿ, ರೆಪ್ಪೆ ಹೊಡೀಬೇಡಿ." ಫ್ಲಾಶ್! ಸಿಡಿಲು ಕಣ್ಣೊಳಗೇ ಬಿದ್ದ ಹಾಗಾಯಿತು. ರೆಪ್ಪೆ ಹೊಡೆದೆ, ಫೋಟೋ ಹಾಳು. ಮತ್ತೊಮ್ಮೆ. ಆಮೇಲೆ ಸ್ವಲ್ಪ ಹೊತ್ತು ಎದುರಿಗಿದ್ದ ಹುಡುಗಿಯ ಮುಖ, ಗೋಡೆ, ಅವಳ ಬಿಳಿ ಕೋಟು, ಎಲ್ಲ ಗುಲಾಬಿ. ಅದು ಫ್ಲಾಶಿನ ಛಾಯೆ, ಒಂದೆರಡು ನಿಮಿಷಕ್ಕೆ ಇಳಿದುಹೋಗುತ್ತದೆ.

ಹಳೇ ಫ್ಲಾಶ್ ಫೋಟೋಗಳಲ್ಲಿ ಮನುಷ್ಯರ ಕಣ್ಣು ಕೆಂಪಗೆ ಹೊಳೆಯುತ್ತಲ್ಲ, ಅದೂ ಕಣ್ಣಿನ ಹಿಂಭಾಗವೇ. ಕೆಟ್ಟದಾಗಿ ತೆಗೆದ ಫಂಡಸ್ ಫೋಟೋ ಅನ್ನಬಹುದು. ಇಲ್ಲೊಂದು ಮಾತು ಹೇಳಲೇಬೇಕು. ಮಗುವಿನ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಹೊಳೆದರೆ ಬೆಳಕಿನ ಆಟ ಅಂತ ಬಿಟ್ಟುಬಿಡಬೇಡಿ. ಎಷ್ಟೋ ಸಲ ಏನೂ ಇರುವುದಿಲ್ಲ. ಆದರೆ ಪೊರೆ ಇರಬಹುದು, ರೆಟಿನೋಬ್ಲಾಸ್ಟೋಮಾ ಅನ್ನೋ ಗಡ್ಡೆಯೂ ಇರಬಹುದು. ಬೇಗ ತೋರಿಸಬೇಕು.

ಕೊನೆಗೆ ಡಾಕ್ಟ್ರ ಕೋಣೆ. ದೀಪ ಆರಿಸಿದರು. ನನ್ನ ಗದ್ದ ಒಂದು ಬಟ್ಟಲಿನಂಥದ್ದರ ಮೇಲೆ, ಹಣೆ ಒಂದು ಪಟ್ಟಿಗೆ ಒತ್ತಿಕೊಂಡು. ಇದು ಸ್ಲಿಟ್ ಲ್ಯಾಂಪ್. ಬೆಳಕನ್ನು ತೆಳ್ಳಗೆ ಸೀಳಿ ಬಿಡುವ ಸೂಕ್ಷ್ಮದರ್ಶಕ. 1911ರಲ್ಲಿ ಇದರ ದೀಪವನ್ನು ರೂಪಿಸಿ ತೋರಿಸಿದ ಸ್ವೀಡನ್ನಿನ ಆಲ್ವರ್ ಗುಲ್‌ಸ್ಟ್ರಾಂಡ್‌ಗೆ ಅದೇ ವರ್ಷ ನೊಬೆಲ್ ಬಂತು, ಆದರೆ ಇದಕ್ಕಲ್ಲ, ಕಣ್ಣಿನೊಳಗೆ ಬೆಳಕು ಹೇಗೆ ಬಾಗುತ್ತದೆ ಅನ್ನುವ ಅವರ ಲೆಕ್ಕಾಚಾರಕ್ಕೆ. ಡಾಕ್ಟ್ರು ಎರಡು ಬೆರಳ ನಡುವೆ ಒಂದು ಪುಟ್ಟ ಲೆನ್ಸ್ ಹಿಡಿದು ನನ್ನ ಕಣ್ಣಿನ ಮುಂದೆ ತಂದರು. ರೆಪ್ಪೆಗೂದಲಿಗೆ ತಾಗುವಷ್ಟು ಹತ್ತಿರ. 90 ಡಯಾಪ್ಟರ್ ಲೆನ್ಸಂತೆ, ಡಯಾಪ್ಟರ್ ಅಂದರೆ ಲೆನ್ಸಿನ ಶಕ್ತಿಯ ಅಳತೆ. ಅದರಲ್ಲಿ ಕಾಣುವುದೆಲ್ಲ ತಲೆಕೆಳಗು, ಎಡ-ಬಲ ಅದಲು ಬದಲು. ಅವರು ಅದನ್ನು ಮನಸ್ಸಿನಲ್ಲೇ ತಿರುಗಿಸಿಕೊಂಡು ನೋಡುತ್ತಾರೆ. ಒಂದು ಕಾಲಕ್ಕೆ ಅಚ್ಚಿನ ಮೊಳೆ ಜೋಡಿಸುವವರು ಉಲ್ಟಾ ಅಕ್ಷರವನ್ನು ಸಲೀಸಾಗಿ ಓದುತ್ತಿದ್ದರಲ್ಲ, ಹಾಗೆ.

"ನನ್ನ ಬಲಗಿವಿ ನೋಡಿ."

ನೋಡಿದೆ. ಕಿವಿ ಎಲ್ಲಿ ಕಾಣುತ್ತದೆ? ಬರೀ ಬೆಳಕು. ಆ ಬೆಳಕಿನ ಗೆರೆ ಸರಿದಾಡುತ್ತಿತ್ತು. ಆಗ ಅದು ಕಾಣಿಸಿತು.

ಎಲೆ ಉದುರಿದ ಮರ. ದೊಡ್ಡದು. ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯಿಂದ ಕಡ್ಡಿ, ಕಿತ್ತಳೆ ಬಣ್ಣದ ಆಕಾಶದ ಮೇಲೆ ಕಪ್ಪಗೆ ಚಾಚಿಕೊಂಡಿತ್ತು. ಬೆಳಕು ಅಲುಗಿದಾಗ ಮರವೂ ಅಲುಗಿತು. ಬೆಳಕು ನಿಂತಾಗ ಮಾಯ. ಮತ್ತೆ ಅಲುಗಿತು, ಮತ್ತೆ ಮರ. ಉಸಿರು ಬಿಗಿ ಹಿಡಿದೆ.

"ಡಾಕ್ಟ್ರೇ, ನಂಗೇನೋ ಕಾಣ್ತಿದೆ. ಮರದ ಥರ."

"ಅದು ನಿಮ್ಮದೇ ರಕ್ತನಾಳ. ಅದರ ನೆರಳು" ಅಂದರು, ಕಣ್ಣು ತೆಗೆಯದೆ. "ಕೆಳಗೆ ನೋಡಿ."

ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ. ರೆಟಿನಾದಲ್ಲಿ ಬೆಳಕು ಹಿಡಿಯುವ ಜೀವಕೋಶಗಳ ಮುಂದೆಯೇ ರಕ್ತನಾಳಗಳು ಹಾದುಹೋಗುತ್ತವೆ. ನಾವು ಲೋಕವನ್ನೆಲ್ಲ ಆ ಕೊಂಬೆಗಳ ಸಂದಿಯಿಂದಲೇ ನೋಡುತ್ತಿದ್ದೇವೆ. ನೆರಳು ಸದಾ ಒಂದೇ ಜಾಗದಲ್ಲಿ ಬೀಳುವುದರಿಂದ ಮಿದುಳು ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಬೆಳಕು ವಾರೆಯಾಗಿ ಬಂದು ಸರಿದಾಡಿದರೆ ನೆರಳೂ ಸರಿಯುತ್ತದೆ, ಆಗ ಸಿಕ್ಕಿಬೀಳುತ್ತದೆ. 19ನೇ ಶತಮಾನದ ಶುರುವಿನಲ್ಲಿ ಪುರ್ಕಿನ್ಯೆ ಅನ್ನೋ ಚೆಕ್ ವಿಜ್ಞಾನಿ ತನ್ನ ಕಣ್ಣಿನಲ್ಲೇ ಇದನ್ನು ನೋಡಿ ಬರೆದಿಟ್ಟ. ಪುರ್ಕಿನ್ಯೆ ಮರ ಅಂತಲೇ ಹೆಸರು. ಇಡೀ ಪರೀಕ್ಷೆಯಲ್ಲಿ ನನಗೆ ಖುಷಿ ಕೊಟ್ಟದ್ದು ಇದೊಂದೇ. ಆದರೆ ಅದರಲ್ಲಿ ರೋಗ ಕಾಣಲಿಲ್ಲ. ಮರ ಆರೋಗ್ಯವಾಗೇ ಕಂಡಿತು. ನನ್ನ ಕಣ್ಣಿಗೆ ಕಾಣುವಂಥದ್ದಲ್ಲ ಅದು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅನ್ನುತ್ತೇವೆ. ಈ ಹುಣ್ಣಿಗೆ ಬೇಕು. ತಮಾಷೆಯೆಂದರೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣೊಳಗೆ ನೋಡುವ ಉಪಕರಣದ ಬಗ್ಗೆ ಬರೆದು ಪ್ರಕಟಿಸಿದಾಗ ಅದನ್ನು 'ಕಣ್ಣಿನ ಕನ್ನಡಿ' ಅಂತಲೇ ಕರೆದ. ಅಲ್ಲಿಯವರೆಗೆ ಬದುಕಿರುವ ಮನುಷ್ಯನ ರೆಟಿನಾವನ್ನು ಕಣ್ಣಾರೆ ನೋಡುವ ಸರಿಯಾದ ದಾರಿಯೇ ವೈದ್ಯರಿಗೆ ಇರಲಿಲ್ಲ. ಪಾಪೆ ಕಪ್ಪು, ಅಷ್ಟೇ. ಕಪ್ಪು ಯಾಕೆ? ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆ ದಾರಿಯಲ್ಲಿ ದೀಪ ಇದೆ. ನೋಡಲು ಹೋದರೆ ನಮ್ಮ ತಲೆಯೇ ದೀಪಕ್ಕೆ ಅಡ್ಡ. ಹೆಲ್ಮ್‌ಹೋಲ್ಟ್ಸ್ ಗಾಜನ್ನು ಓರೆಯಾಗಿಟ್ಟು, ಪಕ್ಕದ ದೀಪದ ಬೆಳಕನ್ನು ಕಣ್ಣೊಳಗೆ ಕಳಿಸಿ, ವಾಪಸ್ ಬಂದದ್ದನ್ನು ಅದೇ ಗಾಜಿನ ಮೂಲಕ ನೋಡಿದ. ಇಷ್ಟೇ. ಆಗ ಅವನಿಗೆ ಇನ್ನೂ ಮೂವತ್ತರ ಹತ್ತಿರದ ವಯಸ್ಸು. ಅದಕ್ಕೆ ಕೆಲವು ವರ್ಷ ಮುಂಚೆಯೇ, ಕಂಪ್ಯೂಟರಿನ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಇಂಥದ್ದೇ ಒಂದನ್ನು ಮಾಡಿ ಕಣ್ಣಿನ ವೈದ್ಯರೊಬ್ಬರಿಗೆ ತೋರಿಸಿದ್ದನಂತೆ. ಆ ವೈದ್ಯ ಅದಕ್ಕೆ ಬೆಲೆ ಕೊಡಲಿಲ್ಲ.

ಮಲಗಿಸಿ ನೋಡುವುದು ಇನ್ನೂ ಬಾಕಿ ಇತ್ತು. ಡಾಕ್ಟ್ರು ತಲೆಗೆ ದೀಪದ ಪಟ್ಟಿ ಕಟ್ಟಿಕೊಂಡರು, ಗಣಿಗೆ ಇಳಿಯುವವರ ಹಾಗೆ. ಕೈಯಲ್ಲಿ ಇನ್ನೊಂದು ದೊಡ್ಡ ಲೆನ್ಸ್. "ಮೇಲೆ. ಮೇಲೆ ಬಲಕ್ಕೆ. ಬಲಕ್ಕೆ. ಕೆಳಗೆ ಬಲಕ್ಕೆ." ಹೀಗೆ ಎಂಟು ದಿಕ್ಕು. ರೆಟಿನಾದ ಅಂಚಿನವರೆಗೂ ನೋಡುವುದಕ್ಕೆ ಇದು. ಅಂಚಿನಲ್ಲಿ ಹರಿದಿದ್ದರೆ, ತೂತಾಗಿದ್ದರೆ ಇಲ್ಲೇ ಸಿಗುತ್ತದೆ. ಇದಕ್ಕೆ ನಾನು ಸಿದ್ಧನಿರಲಿಲ್ಲ. ನೋವಿಲ್ಲ, ಆದರೆ ಆ ಬೆಳಕು ತಡೆಯುವುದು ಕಷ್ಟ. ನೀರು ಕಿವಿಯವರೆಗೂ ಇಳಿಯಿತು. ಬಲಕ್ಕೆ ಅಂದರೆ ಎಡಕ್ಕೆ ನೋಡುತ್ತಿದ್ದೆ. "ಬಲಗೈ ಮೇಲೆತ್ತಿ ಅದರ ಹೆಬ್ಬೆರಳು ನೋಡಿ" ಅಂದರು. ಆಗ ಸರಿಹೋಯಿತು. ಮಕ್ಕಳಿಗೆ ಹೇಳೋ ಉಪಾಯ ಅದು ಅಂತ ಅಕ್ಕ ಆಮೇಲೆ ನಕ್ಕಳು.

ಓಸಿಟಿ ಅನ್ನೋ ಸ್ಕ್ಯಾನ್ ಸುಲಭ. ಫ್ಲಾಶ್ ಇಲ್ಲ, ಉರಿ ಇಲ್ಲ. ಒಂದು ಕೆಂಪು ಗೆರೆ ಸರಿದು ಹೋಯಿತು, ಅಷ್ಟೇ. 1991ರಲ್ಲಿ ಮೊದಲ ಸಲ ಪ್ರಕಟವಾದ ತಂತ್ರ. ಕಣ್ಣಿಗೆ ಹೆಚ್ಚೂಕಡಿಮೆ ಕಾಣದ ಬೆಳಕನ್ನು ಕಳಿಸಿ, ಪ್ರತಿ ಪದರದಿಂದ ಅದು ಹೇಗೆ ವಾಪಸ್ ಬರುತ್ತದೆ ಅಂತ ಅಳೆದು, ರೆಟಿನಾವನ್ನು ಕುಯ್ಯದೆಯೇ ಕುಯ್ದ ಹಾಗೆ ತೋರಿಸುತ್ತದೆ. ರೆಟಿನಾದ ದಪ್ಪ ಕಾಲು ಮಿಲಿಮೀಟರ್ ಆಸುಪಾಸು. ಅದರೊಳಗಿನ ಪದರಗಳು ಬಾವಿ ತೋಡಿದಾಗ ಕಾಣುವ ಮಣ್ಣಿನ ಪಟ್ಟೆಗಳ ಹಾಗೆ ಒಂದರ ಕೆಳಗೊಂದು ಕಾಣುತ್ತವೆ.

ಆಮೇಲೆ ಡಾಕ್ಟ್ರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಹತ್ತಿರದ್ದು ಕಾಣದ ಕಣ್ಣು. ಕುರ್ಚಿ ಹಿಂದಕ್ಕೆ ಎಳೆದುಕೊಂಡು, ಕತ್ತು ಹಿಂದಕ್ಕೆ ಹಾಕಿ ನೋಡಿದೆ.

ಕಿತ್ತಳೆ ಬಣ್ಣದ ದುಂಡನೆ ಹಾಳೆ. ಒಂದು ಬದಿಯಲ್ಲಿ ತಿಳಿ ಹಳದಿಯ ಬಿಲ್ಲೆ. ಅದು ಕಣ್ಣಿನ ನರ ಹೊರಡುವ ಜಾಗ, ಒಂದೂವರೆ ಮಿಲಿಮೀಟರ್ ಅಗಲ. ಅಷ್ಟರೊಳಗೆ 10 ಲಕ್ಷಕ್ಕೂ ಮೀರಿದ ಎಳೆಗಳು ಹಾದುಹೋಗುತ್ತವೆ. ಗ್ಲಾಕೋಮಾ ಆದರೆ ಈ ಬಿಲ್ಲೆಯ ನಡುವಿನ ಗುಳಿ ದೊಡ್ಡದಾಗುತ್ತಾ ಹೋಗುತ್ತದೆ. ತಲೆಯೊಳಗೆ ಒತ್ತಡ ಏರಿದರೆ ಬಿಲ್ಲೆ ಊದಿಕೊಳ್ಳುತ್ತದೆ. ನನ್ನದು ಸರಿಯಾಗಿತ್ತು. ಬಿಲ್ಲೆಯಿಂದ ನಾನು ನೋಡಿದ ಅದೇ ಮರ ಹೊರಟಿತ್ತು, ಈಗ ಕೆಂಪಾಗಿ. ತೆಳ್ಳಗೆ ಹೊಳೆಯುವುದು ಶುದ್ಧ ರಕ್ತದ್ದು, ದಪ್ಪಗೆ ಕಂದಿರುವುದು ವಾಪಸ್ ಹೋಗುವ ರಕ್ತದ್ದು. ಚರ್ಮ ಕುಯ್ಯದೆ ರಕ್ತನಾಳವನ್ನು ಹೀಗೆ ನೇರವಾಗಿ ನೋಡಬಹುದಾದ ಜಾಗ ಮೈಯಲ್ಲಿ ಬಹಳ ಕಮ್ಮಿ. ಬಿಪಿ ಎಷ್ಟು ದಿನದಿಂದ ಕಾಡುತ್ತಿದೆ ಅನ್ನೋದರ ಗುರುತೂ ಇಲ್ಲಿ ಸಿಗುತ್ತದೆ. ನಡುವಿನಲ್ಲಿ ಒಂದು ಕಂದು ಛಾಯೆ, ಮ್ಯಾಕುಲಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ಅಲ್ಲಿಂದ.

"ಇಲ್ಲಿ ನೋಡಿ" ಅಂದರು. ಎಡಗಣ್ಣಿನ ಫೋಟೋದಲ್ಲಿ ಪೆನ್ನಿನ ತುದಿ ಹೋದಲ್ಲಿ ಒಂದು ಕೆಂಪು ಚುಕ್ಕೆ. ಪಕ್ಕದಲ್ಲಿ ಇನ್ನೊಂದು. ಮೇಲೆ ಮೂರು. ಬಲಗಣ್ಣಿನಲ್ಲಿ ನಾಲ್ಕೈದು. ಎಡಗಣ್ಣಿನಲ್ಲಿ ಜಾಸ್ತಿ, ಅದರ ಜೊತೆ ಸಣ್ಣ ರಕ್ತದ ಕಲೆಗಳು, ಹಳದಿ ಹರಳಿನಂಥ ಒಂದಿಷ್ಟು ಪುಡಿ.

ಚುಕ್ಕೆ ಅಂದರೆ ಅತಿ ಸಣ್ಣ ರಕ್ತನಾಳದ ಗೋಡೆ ಸಡಿಲವಾಗಿ ಉಬ್ಬಿರುವುದು. ಹಳೇ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುತ್ತಲ್ಲ, ಹಾಗೆ. ಗಾತ್ರ ಹೆಚ್ಚೂಕಡಿಮೆ ಒಂದು ಕೂದಲೆಳೆಯ ದಪ್ಪ. ಅದು ಜಿನುಗುತ್ತದೆ. ನೀರಿನಂಶ ಹೀರಿಹೋದ ಮೇಲೆ ಕೊಬ್ಬಿನಂಶ ಅಲ್ಲೇ ಉಳಿಯುತ್ತದೆ, ಗೋಡೆ ಒಸರಿ ಒಣಗಿದ ಮೇಲೆ ಕಲೆ ಉಳಿದ ಹಾಗೆ. ಅದೇ ಹಳದಿ ಪುಡಿ.

"ಹಾಗಾದ್ರೆ ನಂಗೆ ಯಾಕೆ ಗೊತ್ತಾಗಲಿಲ್ಲ?" ಅಂದೆ. ದನಿಯಲ್ಲಿ ಜಗಳದ ಛಾಯೆ ಇತ್ತು ಅಂತ ಅಕ್ಕ ಆಮೇಲೆ ಹೇಳಿದಳು.

"ರೆಟಿನಾಗೆ ನೋವು ಗೊತ್ತಿಲ್ಲ" ಅಂದರು ಡಾಕ್ಟ್ರು. "ನಡುಭಾಗಕ್ಕೆ ತಾಗೋವರೆಗೆ ನೀವು ಬೋರ್ಡ್ ಓದ್ತಾನೇ ಇರ್ತೀರಿ."

ಅಷ್ಟೇ ಅಲ್ಲ, ಏನಾದರೂ ಕಳೆದುಹೋದರೂ ಮಿದುಳು ಅದನ್ನು ಮುಚ್ಚಿಹಾಕುತ್ತದೆ. ಬೇಕಾದರೆ ಈಗಲೇ ನೋಡಿ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ಪಕ್ಕ ಪಕ್ಕ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ತುಸು ಕಮ್ಮಿ ಸರಿದಾಗ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಆ ಹಳದಿ ಬಿಲ್ಲೆಯ ಜಾಗ ಅದು, ಅಲ್ಲಿ ಬೆಳಕು ಹಿಡಿಯುವ ಜೀವಕೋಶವೇ ಇಲ್ಲ. ಇಷ್ಟು ದೊಡ್ಡ ತೂತು ದಿನವೂ ನಮ್ಮ ಮುಂದಿದೆ. ಯಾರಿಗೆ ಗೊತ್ತಿತ್ತು?

ಶುಗರಿನ ಈ ರೆಟಿನಾ ಕಾಯಿಲೆಯಲ್ಲಿ ನನ್ನ ಬಲಗಣ್ಣು ಮೊದಲ ಹಂತ, ಎಡಗಣ್ಣು ಮಧ್ಯಮ. ಓಸಿಟಿಯಲ್ಲಿ ಊತ ಇಲ್ಲ, ನಡುಭಾಗ ಸದ್ಯಕ್ಕೆ ಉಳಿದುಕೊಂಡಿದೆ. ಇದಾದ ಮೇಲಿನ ಹಂತದಲ್ಲಿ ರಕ್ತ ಸಿಗದ ರೆಟಿನಾ ಹೊಸ ನಾಳಗಳನ್ನು ಬೆಳೆಸುತ್ತದೆ. ಅವು ಗಟ್ಟಿಯಿಲ್ಲ. ಒಡೆದು ಕಣ್ಣೊಳಗೆ ರಕ್ತ ಚೆಲ್ಲಬಹುದು, ರೆಟಿನಾವನ್ನೇ ಎಳೆದು ಕೀಳಬಹುದು. ಅಕ್ಕನದು ಅಲ್ಲಿಗೆ ಹೋಗಿತ್ತು, ಅದಕ್ಕೇ ಲೇಸರ್. ಕಣ್ಣೊಳಗೆ ಇಂಜೆಕ್ಷನ್ ಕೊಡುವ ಚಿಕಿತ್ಸೆಯೂ ಇದೆ. ನನಗೆ ಸದ್ಯ ಎರಡೂ ಬೇಡ. ಶುಗರ್ ಇಳಿಸಬೇಕು, ಬಿಪಿ ಇಳಿಸಬೇಕು, 6 ತಿಂಗಳಿಗೆ ವಾಪಸ್ ಬರಬೇಕು.

"ನಾಳೆಯಿಂದಲೇ ಶುಗರ್ ನೆಲಕ್ಕೆ ಇಳಿಸ್ತೀನಿ" ಅಂದೆ ಆವೇಶದಲ್ಲಿ.

"ಹಾಗೆ ಮಾಡಬೇಡಿ" ಅಂದರು. ಬಹಳ ದಿನ ಮೇಲಿದ್ದ ಶುಗರನ್ನು ಏಕ್‌ದಂ ಇಳಿಸಿದರೆ ಕೆಲವರಲ್ಲಿ ರೆಟಿನಾ ಶುರುವಿನಲ್ಲಿ ಇನ್ನಷ್ಟು ಕೆಡುತ್ತದಂತೆ. ನಿಮ್ಮ ಶುಗರ್ ಡಾಕ್ಟ್ರ ಜೊತೆ ಮಾತಾಡಿಕೊಂಡು ನಿಧಾನವಾಗಿ ಇಳಿಸಿ ಅಂದರು. ಇದು ನನಗೆ ಹೊಸ ವಿಷಯ. ಉತ್ಸಾಹಕ್ಕೂ ಡೋಸ್ ಇದೆ ಅಂತಾಯಿತು.

ಇಂಥ ಫೋಟೋಗಳನ್ನು ಈಗ ಕಂಪ್ಯೂಟರೇ ಓದಿ ಹೇಳುವುದೂ ಉಂಟು. ಶುಗರಿನ ರೆಟಿನಾ ಕಾಯಿಲೆಯನ್ನು ಡಾಕ್ಟರ ಓದು ಇಲ್ಲದೆ ತಾನೇ ಪತ್ತೆ ಮಾಡುವ ಯಂತ್ರಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ರೆಟಿನಾದ ಫೋಟೋ ನೋಡಿಯೇ ಅದು ಗಂಡಸಿನದೋ ಹೆಂಗಸಿನದೋ ಅಂತ ಕಂಪ್ಯೂಟರ್ ಬಹುಪಾಲು ಸರಿಯಾಗಿ ಹೇಳಿತ್ತು. ಅದು ಡಾಕ್ಟರಿಗೂ ಕಾಣದ್ದು. ನನ್ನ ಕೆಲಸಕ್ಕೂ ಇಂಥದ್ದು ಬಂದೇ ಬರುತ್ತದೆ ಬಿಡಿ, ಅದು ಬೇರೆ ಸಂಕಟ.

ಹೊರಗೆ ಬಂದಾಗ ಬಿಸಿಲು ಹೊಡೆದು ಅಲ್ಲೇ ನಿಂತುಬಿಟ್ಟೆ. ನೆಲ ಬೆಳ್ಳಗೆ, ಆಕಾಶ ಬೆಳ್ಳಗೆ. ಕಪ್ಪು ಕನ್ನಡಕ ಹಾಕಿದರೂ ಕಣ್ಣು ಬಿಡಲಾಗಲಿಲ್ಲ. ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. "ಮೆಟ್ಟಿಲಿದೆ. ಇನ್ನೊಂದು. ಆಯ್ತು." ಚಿಕ್ಕವನಿದ್ದಾಗ ಹೀಗೆ ಹಿಡಿದು ದಾಟಿಸುತ್ತಿದ್ದಳು. ಈಗ ಅವಳಿಗೇ ಸಂಜೆ ಹೊತ್ತಿನಲ್ಲಿ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲ. ಲೇಸರ್ ಆದ ಮೇಲೆ ಮಬ್ಬು ಬೆಳಕಿನಲ್ಲಿ ಕಷ್ಟ. ಅದನ್ನು ಅವಳು ನನಗೆ ಹೇಳಿದ್ದು ಆವತ್ತೇ, ಆ ಮೆಟ್ಟಿಲ ಮೇಲೆ.

ರಾತ್ರಿ ಕನ್ನಡಿಯಲ್ಲಿ ನೋಡಿಕೊಂಡೆ. ಪಾಪೆ ಇನ್ನೂ ದೊಡ್ಡದೇ. ಕಣ್ಣಿನ ಕಂದು ಬಣ್ಣ ಬರೀ ಅಂಚಿನಲ್ಲಿ ಬಳೆಯಷ್ಟು ಉಳಿದಿತ್ತು. ನಾಲ್ಕರಿಂದ ಆರು ಗಂಟೆಗೆ ಇಳಿಯುತ್ತದೆ ಅಂದಿದ್ದರು, ನಾಲ್ಕು ಸಲ ಹಾಕಿಸಿಕೊಂಡವನಿಗೆ ಬೆಳಗ್ಗೆವರೆಗೂ ಇತ್ತು. ಬೆಳಗ್ಗೆ ಎದ್ದಾಗ ಒತ್ತಕ್ಷರಗಳು ವಾಪಸ್ ಬಂದಿದ್ದವು.

ಆರು ತಿಂಗಳಾದ ಮೇಲೆ ಮತ್ತೆ ಹೋದೆ. ಎಚ್‌ಬಿಎ1ಸಿ 7.6ಕ್ಕೆ ಇಳಿದಿತ್ತು, ಬಿಪಿ ಮಾತ್ರೆ ಶುರುವಾಗಿತ್ತು. ಅದೇ ಉರಿ, ಅದೇ ಕಹಿ, ಅದೇ ಹಸಿರು ಗುರುತು. ಈ ಸಲ ರೆಪ್ಪೆ ಹೊಡೆಯಲಿಲ್ಲ. ಡಾಕ್ಟ್ರು ಎಡಗಣ್ಣಿನ ಹಳೇ ಫೋಟೋ, ಹೊಸ ಫೋಟೋ ಎರಡನ್ನೂ ಪಕ್ಕ ಪಕ್ಕ ಇಟ್ಟರು. ಮೊದಲ ಕರಡು, ಎರಡನೇ ಕರಡು. ಮೇಲಿನ ಮೂರು ಚುಕ್ಕೆಗಳಲ್ಲಿ ಒಂದೇ ಉಳಿದಿತ್ತು. ಚುಕ್ಕೆಗಳು ಹೀಗೆ ಹೋಗುವುದೂ ಉಂಟು, ಬೇರೆ ಕಡೆ ಬರುವುದೂ ಉಂಟು ಅಂದರು. ಹಳದಿ ಪುಡಿ ಸ್ವಲ್ಪ ಕರಗಿತ್ತು. ಕೆಳಗಡೆ ಒಂದು ಹೊಸ ಚುಕ್ಕೆ ಬಂದಿತ್ತು.

ನಾನು ಕುರ್ಚಿ ಹಿಂದೆ ಸರಿಸಿಕೊಂಡು, ಕತ್ತು ಹಿಂದಕ್ಕೆ ಹಾಕಿ ಸಾಲು ಸಾಲಾಗಿ ಹುಡುಕಿದೆ. ಕೊನೆಗೆ ಬಲ ಅಂಚಿನಲ್ಲಿ ಒಂದು ಸಿಕ್ಕಿತು, ಅವರು ತೋರಿಸದೇ ಬಿಟ್ಟದ್ದು.

"ಡಾಕ್ಟ್ರೇ, ಇಲ್ಲೂ ಒಂದಿದೆ, ಅಲ್ವಾ?"

ಅವರು ಮುಂದೆ ಬಾಗಿ ನೋಡಿದರು. ಬೆರಳಿನಿಂದ ಸ್ಕ್ರೀನ್ ಒರೆಸಿದರು. ಚುಕ್ಕೆ ಹೋಯಿತು.

"ಧೂಳು" ಅಂದರು.